ಬಲ್ಲಾಳ್ತಿಯ ತಮ್ಮನ ಹೆಂಡತಿ

೩೦ ಆಗಸ್ಟ್ ೧೯೯೮, ಭಾನುವಾರ

ಅಣ್ಣ ಊರಿನಿಂದ ಫೋನ್ ಮಾಡಿದ್ದ. ಕಂಡದ್ದನ್ನೆಲ್ಲ ನೆನಪಿಟ್ಟುಕೋ ಎಂದ. ನನ್ನ ತಲೆಯಲ್ಲಿ ಚಿಂತೆಯೊಂದನ್ನು ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ಅದಕ್ಕೇ ತಮ್ಮನ ಮಗ ಅನೀಶನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಇರಲಿ. ಮೂರು ವರ್ಷ ಇಲ್ಲಿನ ಎಸ್ಟೇಟಿನ ತಮಿಳು ಶಾಲೆ, ಆಮೇಲೆ ಊರಿಗೆ ಕಳಿಸಿ ಎರಡು ವರ್ಷ ಕನ್ನಡ ಶಾಲೆ, ಅಷ್ಟೇ ನನ್ನ ಓದು. ಇದನ್ನು ಯಾರಿಗೂ ತೋರಿಸುವುದಿಲ್ಲ. ಅಣ್ಣನಿಗೆ ಬೇಕಾದದ್ದನ್ನು ಬಾಯಲ್ಲೇ ಹೇಳುತ್ತೇನೆ.

ತಮ್ಮ ದಾಮೋದರ ಎದೆನೋವು ಬಂದು ತೀರಿಹೋಗಿ ಐದು ತಿಂಗಳಾಯಿತು. ಇಲ್ಲಿ ಮಲೇಷ್ಯಾದಲ್ಲಿ, ಕ್ಲಾಂಗ್ ಬಂದರಿನ ರಸ್ತೆಯಲ್ಲಿ ಅವನ ಊಟದ ಅಂಗಡಿ ನಡೆಯುತ್ತಲೇ ಇದೆ. ಕೆಳಗೆ ಅಂಗಡಿ, ಮೇಲೆ ಮನೆ. ಅಡುಗೆ ಮೊದಲಿನಿಂದಲೂ ನನ್ನದೇ. ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಅವನ ಹೆಂಡತಿ ಕೂರುತ್ತಾಳೆ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೂರನೇ ದಿನವೇ ಕೂತಳು. ಬೀಗದ ಕೈ ಸೊಂಟದಲ್ಲಿ.

ಅಂಗಡಿಯ ಲೈಸೆನ್ಸ್ ಮಾತ್ರ ಇನ್ನೂ ಸತ್ತವನ ಹೆಸರಿನಲ್ಲೇ ಇದೆ. ಅಕ್ಟೋಬರ್ ಮುಗಿಯುವುದರೊಳಗೆ ಬೇರೆ ಹೆಸರಿಗೆ ಆಗಬೇಕು, ಇಲ್ಲವಾದರೆ ಬಾಗಿಲು ಹಾಕಬೇಕು. ಯಾರ ಹೆಸರು ಎನ್ನುವುದನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಣ್ಣ ಹೇಳುತ್ತಾನೆ: ನಮ್ಮದು ಅಳಿಯಕಟ್ಟಿನ ಮನೆತನ, ಎಲ್ಲವೂ ಹೆಣ್ಣಿನ ಕಡೆಯಿಂದ ಬರುವುದು, ತಮ್ಮನದು ಅಕ್ಕನಿಗೆ, ಹೆಂಡತಿಯಾದವಳು ಮಗುವನ್ನು ಕರೆದುಕೊಂಡು ತನ್ನ ತಾಯಿಮನೆಗೆ ಹೋಗಬೇಕು.

"ಪದ್ಮಲೆ ಬಲ್ಲಾಳ್ತಿ ಮಾಡಿದ್ದೂ ಅದನ್ನೇ ಅಲ್ದನಾ?" ಎಂದ.

ಬಲ್ಲಾಳ್ತಿ ನಮ್ಮ ಮನೆತನದ ಮೂಲ ಹೆಣ್ಣು. ಅರಸನಾಗಿದ್ದ ತಮ್ಮ ಸತ್ತಾಗ ತನ್ನ ನಾಲ್ಕು ವರ್ಷದ ಮಗನ ಪರವಾಗಿ ಪದ್ಮಲೆ ಸೀಮೆಯನ್ನು ಹದಿನಾಲ್ಕು ವರ್ಷ ಆಳಿದವಳು. ಆರುನೂರು ವರ್ಷದ ಹಿಂದಿನ ಮಾತು. ತಮ್ಮನ ಹೆಂಡತಿಯನ್ನೂ ಮಗುವನ್ನೂ ಪಲ್ಲಕ್ಕಿಯಲ್ಲಿ ಕೂರಿಸಿ ಮರ್ಯಾದೆಯಿಂದ ಕಳಿಸಿಕೊಟ್ಟಳಂತೆ.

ಅಣ್ಣ ಅಕ್ಟೋಬರಿನಲ್ಲಿ ಬರುತ್ತಾನೆ. ಅಷ್ಟರ ತನಕ ಅವಳ ಮೇಲೆ ನನ್ನ ಕಣ್ಣಿರಬೇಕು.

೩ ಸೆಪ್ಟೆಂಬರ್, ಗುರುವಾರ

ಇವತ್ತೂ ಹೋದಳು. ಮಧ್ಯಾಹ್ನದ ಜನ ಖಾಲಿಯಾದ ಕೂಡಲೇ ಮೇಲೆ ಹೋಗಿ ನೀಲಿ ಸೀರೆ ಉಟ್ಟು ಇಳಿದಳು. ಮುಖಕ್ಕೆ ಪೌಡರ್ ಬೇರೆ.

"ಎಲ್ಲಿಗೆ?" ಎಂದೆ.

"ಸ್ವಲ್ಪ ಕೆಲಸ ಉಂಟಕ್ಕ."

ರತ್ನಾಕರ ವ್ಯಾನ್ ತಂದು ನಿಲ್ಲಿಸಿಯೇ ಇದ್ದ. ಮೀನು, ತರಕಾರಿ ತರುವ ಡ್ರೈವರ್ ಅವನು. ಹೆಂಡತಿ ಊರಿನಲ್ಲಿ, ಇವನು ಇಲ್ಲಿ. ಮೂರು ಗುರುವಾರದಿಂದ ಇದೇ ಆಟ. ನಾಲ್ಕೂವರೆಗೆ ವಾಪಸು ಬಂದಳು, ಕೈಚೀಲವನ್ನು ಎದೆಗೆ ಒತ್ತಿಕೊಂಡು. ಬಂದವಳೇ ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ರತ್ನಾಕರನನ್ನು ಹಿಂದಿನ ಬಾಗಿಲಿನಲ್ಲಿ ಹಿಡಿದು ಕೇಳಿದೆ. "ದೇವಕಿಯಕ್ಕ, ನಾನು ಡ್ರೈವರ್. ಗಾಡಿ ಮುಂದೆ ನೋಡ್ತದೆ, ನಾನೂ ಮುಂದೆ ನೋಡ್ತೇನೆ" ಎಂದ. ನಗು ಬೇರೆ. ಬಂಗುಡೆ ಮೀನು ಹಳಸಲು ಎಂದು ಸುಮ್ಮನೆ ಬೈದೆ. ಹಳಸಲು ಇರಲಿಲ್ಲ.

೬ ಸೆಪ್ಟೆಂಬರ್, ಭಾನುವಾರ

ಅಂಗಡಿಗೆ ರಜೆ. ಕೊಮ್ಯೂಟರ್ ರೈಲಿನಲ್ಲಿ ಪೆಟಾಲಿಂಗ್ ಜಯಾಕ್ಕೆ ಹೋದೆವು. ಕನ್ನಡ ಸಂಘದವರು ನವೆಂಬರಿನಲ್ಲಿ ನಾಟಕ ಆಡುತ್ತಾರೆ. ನಮ್ಮ ಬಲ್ಲಾಳ್ತಿಯ ಕಥೆಯೇ. ಬರೆದವರು ಚಾಮಯ್ಯ ಮೇಷ್ಟ್ರು, ಮೈಸೂರಿನ ಕಡೆಯವರು, ಇಲ್ಲಿ ಕಾಲೇಜಿನಲ್ಲಿ ಗಣಿತ ಹೇಳುತ್ತಾರೆ. ಬಲ್ಲಾಳ್ತಿಯ ಪಾತ್ರ ದಾಮೋದರನ ಹೆಂಡತಿಗೆ, ಬಾಲ ಅರಸನ ಪಾತ್ರ ಅನೀಶನಿಗೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ.

ನೋಡುತ್ತ ಕೂತವಳಿಗೆ ಮೈ ಉರಿಯಿತು. ನಾಟಕದಲ್ಲಿ ಬಲ್ಲಾಳ್ತಿಯನ್ನು ಸತ್ತ ಅರಸನ ಹೆಂಡತಿ ಮಾಡಿಬಿಟ್ಟಿದ್ದಾರೆ. ಬಿಳಿ ಸೀರೆಯುಟ್ಟು ಗಂಡನ ಕತ್ತಿ ಹಿಡಿದು ಅಳುತ್ತಾಳೆ. ನಾನು ಎದ್ದೇ ಹೋದೆ.

"ಮೇಷ್ಟ್ರೇ, ಆಳಿದ್ದು ಅಕ್ಕ. ಹೆಂಡತಿ ಅಲ್ಲ."

"ಅಕ್ಕನಾ? ಅಕ್ಕ ಯಾಕಮ್ಮ ಆಳ್ತಾಳೆ? ಗಂಡ ಸತ್ತರೆ ಹೆಂಡತಿ, ಹೆಂಡತಿ ಮಗ."

"ನಮ್ಮಲ್ಲಿ ಹಾಗಲ್ಲ. ಹೆಂಡತಿ ಬೇರೆ ಮನೆಯವಳು. ಅರಸನ ನಂತರ ಅವನ ಅಕ್ಕನ ಮಗ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಆಯ್ತು. ಹಾಗಾದರೆ ಈ ಅಕ್ಕನಿಗೆ ಗಂಡ ಇದ್ದನೋ, ತೀರ್ಕೊಂಡಿದ್ದನೋ?"

"ಇದ್ದ."

"ಎಲ್ಲಿದ್ದ?"

"ಅವನ ಅಕ್ಕನ ಮನೆಯಲ್ಲಿ. ಬಂದು ಹೋಗಿ ಮಾಡುತ್ತಿದ್ದ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಅಮ್ಮಾ, ಇದನ್ನ ನಮ್ಮ ಮೈಸೂರಿನವರಿಗೆ ತೋರಿಸಿದರೆ ಊಟಕ್ಕೂ ನಿಲ್ಲದೆ ಎದ್ದು ಹೋಗ್ತಾರೆ. ಗಂಡನನ್ನ ನಾನು ಎಲ್ಲಿ ನಿಲ್ಲಿಸಲಿ? ಪಕ್ಕದ ಪರದೆ ಹಿಂದೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮೇಷ್ಟ್ರಿಗೆ ಕಥೆ ಹೇಳಿದ್ದು ಯಾರೆಂದು ಕೇಳಿದರೆ, ಅವಳೇ ಅಂತೆ. ನನಗೆ ಈಗ ಅರ್ಥವಾಯಿತು. ಹೆಂಡತಿಯೇ ಆಳಿದಳು ಎಂದು ನೂರು ಜನರ ಮುಂದೆ ಆಡಿ ತೋರಿಸಿದರೆ, ಅಣ್ಣ ಬಂದಾಗ ಅವನ ಮಾತಿಗೆ ಬೆಲೆ ಇರುವುದಿಲ್ಲ. ಎಷ್ಟು ಮುಂದಾಲೋಚನೆ.

೧೦ ಸೆಪ್ಟೆಂಬರ್, ಗುರುವಾರ

ಹೋದಳು. ಹಸಿರು ಸೀರೆ.

೧೩ ಸೆಪ್ಟೆಂಬರ್, ಭಾನುವಾರ

ಅಣ್ಣನ ಫೋನು. ಗುರುವಾರದ್ದನ್ನೂ ನಾಟಕದ್ದನ್ನೂ ಎಲ್ಲ ಹೇಳಿದೆ. ರತ್ನಾಕರನ ಹೆಸರು ಕೇಳಿದ ಮೇಲೆ ಅಣ್ಣನ ದನಿ ಒಂದು ನಮೂನೆ ಖುಷಿಯಾಯಿತು. "ಅಷ್ಟ್ ಸಾಕ್, ಅದನ್ನೇ ನೀನು ಎಲ್ಲರ ಎದುರು ಹೇಳ್ಕ್" ಎಂದ. ಒಬ್ಬ ಹೆಂಗಸಿನ ಮೇಲೆ ಅಂಥ ಮಾತು ಬಂದರೆ ಅಷ್ಟು ಖುಷಿಪಡಬೇಕೇ ಎಂದು ನನಗೆ ಅನ್ನಿಸಿತು. ಲೈನ್ ಸರಿ ಇರಲಿಲ್ಲ, ನನಗೆ ಹಾಗೆ ಕೇಳಿಸಿರಲೂಬಹುದು.

ನಲ್ಲಿಯಲ್ಲಿ ಇವತ್ತೂ ನೀರಿಲ್ಲ. ಡ್ರಮ್ಮುಗಳಿಗೆ ಟ್ಯಾಂಕರ್ ನೀರು ತುಂಬಿಸಿಟ್ಟವರು ಯಾರು ಎಂದು ನೋಡಿದರೆ ಅವಳು, ನಾನು ಏಳುವ ಮೊದಲೇ. ಒಳ್ಳೆಯವಳು ಎಂದು ಅನ್ನಿಸಿಕೊಳ್ಳಲು ಮಾಡುತ್ತಾಳೆ. ಆದರೆ ನೋಡುವವರು ಯಾರೂ ಇರಲಿಲ್ಲವಲ್ಲ.

೨೦ ಸೆಪ್ಟೆಂಬರ್, ಭಾನುವಾರ

ಅಭ್ಯಾಸಕ್ಕೆ ಹೋಗುವ ರೈಲಿನಲ್ಲಿ ಅನೀಶನಿಗೆ ಸರಿಯಾದ ಕಥೆ ಹೇಳಿದೆ. ಹನ್ನೊಂದು ವರ್ಷದವನು, ತಿಳಿಯಬೇಕು. ಬಲ್ಲಾಳ್ತಿ ಮಗನ ಬಟ್ಟಲಿನ ಅನ್ನವನ್ನು ಮೊದಲು ತಾನು ತಿನ್ನುತ್ತಿದ್ದಳು, ಅಡುಗೆಯವಳಿಗೂ ತಿನ್ನಿಸುತ್ತಿದ್ದಳು. ಯಾರನ್ನೂ ನಂಬುತ್ತಿರಲಿಲ್ಲ. ತನ್ನ ತಾಯಿ ಬಂದರೂ ಸೆರಗು ಕೊಡವಿಸಿ ಒಳಗೆ ಬಿಡುತ್ತಿದ್ದಳು. ಮುದ್ರೆಯುಂಗುರ ಬೆರಳಿಗೆ ದೊಡ್ಡದಾಗಿ, ನೂಲು ಸುತ್ತಿ ಹಾಕಿಕೊಂಡಿದ್ದಳು. ಮಗನಿಗೆ ಹದಿನೆಂಟು ತುಂಬಿದ ದಿನ ನೂಲು ಬಿಚ್ಚಿ ಉಂಗುರ ಕೊಟ್ಟಳು.

ಅನೀಶ ಕೈಯಲ್ಲಿದ್ದ ಬಾಳೆಕಾಯಿ ಚಿಪ್ಸ್ ತಿನ್ನುವುದನ್ನು ನಿಲ್ಲಿಸಿ ಕೇಳಿದ. "ದೆನ್ ದಿ ಅದರ್ ಬಾಯ್?"

"ಯಾವ ಇನ್ನೊಬ್ಬ ಹುಡುಗ?"

"ದಿ ಡೆಡ್ ಕಿಂಗ್ಸ್ ಸನ್, ಅತ್ತೆ. ಪಲ್ಲಕ್ಕಿಯಲ್ಲಿ ಹೋದನಲ್ಲ. ವೇರ್ ಡಿಡ್ ಹೀ ಗೋ?"

"ತಾಯಿಯ ಜೊತೆ, ಅವಳ ಮನೆಗೆ."

"ಆಫ್ಟರ್ ದಟ್?"

ಆಮೇಲೆ ಏನೆಂದು ನನಗೆ ಯಾರೂ ಹೇಳಿಲ್ಲ. ಆ ತಾಯಿಯ ಹೆಸರೂ ಗೊತ್ತಿಲ್ಲ. ನೂರು ಸಲ ಕೇಳಿದ ಕಥೆ, ಇದೊಂದು ಪ್ರಶ್ನೆ ನನಗೆ ಬಂದಿರಲಿಲ್ಲ. ಗೊತ್ತಿಲ್ಲ ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಅವಳು ಎದುರು ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಎಂದು ನಾನು ನಂಬುವುದಿಲ್ಲ.

೨೪ ಸೆಪ್ಟೆಂಬರ್, ಗುರುವಾರ

ಇವತ್ತು ಕಂಡುಹಿಡಿದೆ.

ರತ್ನಾಕರ ಗಾಡಿ ತೊಳೆಯುವಾಗ ಚಕ್ರದ ಕೆಂಪು ಮಣ್ಣು ನೋಡಿ ಪಂಡಮಾರನ್ ಕಡೆಯ ಒಳರಸ್ತೆ ಎಂದು ಲೆಕ್ಕ ಹಾಕಿಟ್ಟಿದ್ದೆ. ಅವಳಿಗಿಂತ ಮೊದಲೇ ಬಸ್ಸಿನಲ್ಲಿ ಹೋಗಿ ತಮಿಳು ಮುಸ್ಲಿಮರ ಒಂದು ಮಾಮಕ್ ಅಂಗಡಿಯಲ್ಲಿ ಚಹಾ ಹಿಡಿದು ಕೂತೆ. ವ್ಯಾನ್ ಬಂದು ಎದುರಿನ ಓಣಿಗೆ ತಿರುಗಿತು. ಹಿಂದೆಯೇ ಹೋದೆ. ಅಲ್ಲಿ ಏನು ಕಂಡರೆ ನನಗೆ ಸಮಾಧಾನ, ಏನು ಕಂಡರೆ ಅಲ್ಲ, ಎನ್ನುವುದೇ ತಿಳಿಯಲಿಲ್ಲ.

ಒಂದು ಮರದ ಮನೆ. ಜಗಲಿಯಲ್ಲಿ ತಲೆಗೆ ಬಟ್ಟೆ ಹೊದ್ದ ಮುದುಕಿ, ನಿವೃತ್ತ ಮಲಯ್ ಟೀಚರ್. ಮುಂದೆ ಗಿಡ್ಡ ಬೆಂಚಿನಲ್ಲಿ ಏಳೆಂಟು ವರ್ಷದ ಮಕ್ಕಳು. ಕೊನೆಯ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಮುದುರಿ, ಹಸಿರು ಸೀರೆಯಲ್ಲಿ, ತಮ್ಮನ ಹೆಂಡತಿ ಶರ್ಮಿಳಾ. ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದುತ್ತಿದ್ದಳು. ತಪ್ಪಿದಾಗ ಮಕ್ಕಳು ನಕ್ಕರು. ಅವಳು ಮತ್ತೆ ಮೊದಲಿನಿಂದ ಓದಿದಳು. ರತ್ನಾಕರ ರಸ್ತೆಯಲ್ಲಿ ವ್ಯಾನಿನೊಳಗೆ ಬಾಯಿ ತೆರೆದು ಮಲಗಿದ್ದ.

ನಾನು ಬೇಲಿಯ ಹತ್ತಿರ ಬಹಳ ಹೊತ್ತು ನಿಂತೆ. ಊರಿನ ಶಾಲೆಯಲ್ಲಿ ನಾನು ಕೂರುತ್ತಿದ್ದ ಬೆಂಚೂ ಅಂಥದೇ.

ಈಗ ಎಲ್ಲ ಗೊತ್ತಾಯಿತು. ಲೈಸೆನ್ಸಿಗೆ ಅರ್ಜಿ ಹಾಕಿದವರನ್ನು ಆಫೀಸಿನಲ್ಲಿ ಕೂರಿಸಿ ಮಲಯ್ ಭಾಷೆಯಲ್ಲೇ ಪ್ರಶ್ನೆ ಕೇಳುತ್ತಾರೆ. ಕಲಿಯುತ್ತಿರುವುದು ಅದಕ್ಕೇ. ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಾಳೆ. ನನ್ನ ಅನುಮಾನ ಸರಿಯಾಗಿಯೇ ಇತ್ತು.

೨೭ ಸೆಪ್ಟೆಂಬರ್, ಭಾನುವಾರ

ಅಣ್ಣ ಫೋನಿನಲ್ಲಿ "ಗುರುವಾರ ಎಂತ ಆಯ್ತ್?" ಎಂದು ಕೇಳಿದ. ಗೊತ್ತಾಗಲಿಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ. ಪಕ್ಕದಲ್ಲಿ ಗಿರಾಕಿಗಳು ಇರಲಿಲ್ಲ, ರಜೆಯ ದಿನ. ಮುಂದಿನ ವಾರ ಹೇಳಿದರಾಯಿತು.

೬ ಅಕ್ಟೋಬರ್, ಮಂಗಳವಾರ

ತೆಂಗಿನಕಾಯಿ ತುರಿಯುತ್ತಿದ್ದೆ. ಕೋಳಿ ತರುವ ಮಲಯ್ ಹುಡುಗಿಯ ಜೊತೆ ಶರ್ಮಿಳಾ ಮಾತಾಡುತ್ತಿದ್ದಳು, ಪದ ಹಿಂದೆ ಮುಂದೆ ಮಾಡಿ. ಮೊದಲಾದರೆ ನಾನು ನಗುತ್ತಿದ್ದೆ. ಎಸ್ಟೇಟಿನಲ್ಲಿ ಹುಟ್ಟಿದವಳು ನಾನು, ಆ ಭಾಷೆ ಓದಲು ಬಾರದಿದ್ದರೂ ನಾಲಿಗೆಗೆ ಬರುತ್ತದೆ. ಇವಳು ಕಾರ್ಕಳದಿಂದ ಮದುವೆಯಾಗಿ ಬಂದವಳು. ಹುಡುಗಿ ಹೋದ ಮೇಲೆ ತಲೆಯೆತ್ತದೆ ಹೇಳಿದೆ, ಆಫೀಸಿನವರ ಹತ್ತಿರ ಹಾಗೆ ಹೇಳಬಾರದು, ಹೀಗೆ ಹೇಳಬೇಕು.

ಅವಳು ಬೀಗದ ಕೈ ಹಿಡಿದುಕೊಂಡು ನಿಂತಲ್ಲೇ ನಿಂತಳು. "ಯಾವ ಆಫೀಸು?"

"ಪಂಡಮಾರನ್ ಟೀಚರಿಗೆ ಕೇಳು."

ನಾನು ಕಾಯಿಯ ಇನ್ನೊಂದು ಹೋಳು ಎತ್ತಿಕೊಂಡೆ.

"ಭಾವನಿಗೆ ಹೇಳಿ ಆಯ್ತಾ?"

"ಇಲ್ಲ."

"ಯಾಕೆ?"

"ಲೈನ್ ಸರಿ ಇರಲಿಲ್ಲ."

ಅವಳು ಎದುರಿಗೆ ಮಣೆ ಎಳೆದು ಕೂತಳು. "ನಿಮ್ಮ ಹತ್ರವೇ ಕಲಿಬಹುದಿತ್ತಕ್ಕ. ಆದರೆ ನೀವು ನಗ್ತಿದ್ರಿ. ಆ ಮಕ್ಕಳು ನಗುವುದಾದರೆ ಅಡ್ಡಿ ಇಲ್ಲ."

"ಕಾಯಿ ಕಪ್ಪಾಗ್ತದೆ, ಅನ್ನ ಬಸಿ ಹೋಗು" ಎಂದೆ. ಹೋಗುವಾಗ ಅವಳು ಆ ಮಲಯ್ ವಾಕ್ಯವನ್ನು ನಾನು ಹೇಳಿದ ಹಾಗೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಈಗ ನನ್ನಿಂದಲೇ ಕೆಲಸ ಮಾಡಿಸಿಕೊಳ್ಳುತ್ತಾಳೆ, ನೋಡು.

೧೧ ಅಕ್ಟೋಬರ್, ಭಾನುವಾರ

ಅಣ್ಣ ಟಿಕೆಟ್ ಮಾಡಿಸಿದ್ದಾನೆ. ಇವತ್ತು ಹೊಸ ಮಾತೊಂದು ತೆಗೆದ. ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ಅವನ ಮಗ ಕಿರಣನನ್ನು ಅಂಗಡಿ ನೋಡಿಕೊಳ್ಳಲು ಕಳಿಸುತ್ತಾನಂತೆ. "ಹೆಸರು ನಿನ್ನದು, ತಲೆಬಿಸಿ ಅವನಿಗೆ ಇರಲಿ."

ಕಟ್ಟಿನ ಪ್ರಕಾರ ಅಣ್ಣನ ಮಗ ಕಿರಣನೂ ಬೇರೆ ಮನೆಯವನೇ, ಅನೀಶನ ಹಾಗೆ. ಇಬ್ಬರೂ ಗಂಡುಮಕ್ಕಳ ಮಕ್ಕಳು. ಒಬ್ಬನನ್ನು ಕಳಿಸಲು ಕಟ್ಟು ಬೇಕು, ಇನ್ನೊಬ್ಬನನ್ನು ಕರೆಸಲು ಬೇಡವೇ? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಫೋನ್ ಇಟ್ಟ.

ಅಣ್ಣನನ್ನು ಅನುಮಾನಿಸುವಷ್ಟು ನನ್ನ ತಲೆ ಕೆಟ್ಟಿದೆ. ಮೆಣಸು ಹುರಿಯುವಾಗ ಎರಡು ಸಲ ಹೊತ್ತಿಸಿದೆ.

೧೫ ಅಕ್ಟೋಬರ್, ಗುರುವಾರ

ಶರ್ಮಿಳಾ ಪಂಡಮಾರನ್‌ಗೆ ಹೋಗಲಿಲ್ಲ. ಟೀಚರಿಗೆ ಜ್ವರವಂತೆ. ಮಧ್ಯಾಹ್ನದ ಮೇಲೆ ನನ್ನ ಎದುರು ಕೂತಳು. ನಾನು ಆಫೀಸರ್, ಅವಳು ಅವಳೇ. ಅಡುಗೆಮನೆಯಲ್ಲಿ ಕಿಟಕಿ ಎಷ್ಟು, ಚರಂಡಿ ಎಲ್ಲಿಗೆ ಹೋಗುತ್ತದೆ, ಕೆಲಸದವರಿಗೆ ಟೈಫಾಯಿಡ್ ಸೂಜಿ ಆಗಿದೆಯಾ ಎಂದು ಕೇಳಿದೆ. ಸೂಜಿಯ ಮಾತು ಬಂದಾಗ ಅವಳು ತಡವರಿಸಿದಳು, ನಾನು ಗದರಿದೆ. ಅನೀಶ ಮೆಟ್ಟಿಲಲ್ಲಿ ಕೂತು ನೋಡಿ, "ಅತ್ತೆ ಈಸ್ ವರ್ಸ್ ದ್ಯಾನ್ ದಿ ರಿಯಲ್ ವನ್" ಎಂದ. ಯಾಕೋ ನನಗೆ ನಗು ಬಂತು.

ಮೇಷ್ಟ್ರು ಫೋನ್ ಮಾಡಿದ್ದರು. ಬಲ್ಲಾಳ್ತಿಯನ್ನು ಹೆಂಡತಿಯಾಗಿಯೇ ಇಡುತ್ತಾರಂತೆ, ಬಿಳಿ ಸೀರೆ ಈಗಾಗಲೇ ತಂದಾಗಿದೆಯಂತೆ. ಇರಲಿ ಎಂದೆ.

೨೪ ಅಕ್ಟೋಬರ್, ಶನಿವಾರ

ಅಣ್ಣ ಬಂದ. ಹಲಸಿನ ಹಪ್ಪಳ ತಂದಿದ್ದಾನೆ. ದಾಮೋದರನ ಕುರ್ಚಿಯಲ್ಲಿ ಕೂತು ಅಂಗಡಿಯ ಗೋಡೆ, ಫ್ಯಾನು, ಪಾತ್ರೆ ಎಲ್ಲ ನೋಡಿದ. "ಕಿರಣನಿಗೆ ಮೇಲಿನ ಎದುರು ಕೋಣೆ ಸಾಕಾತ್ತ್" ಎಂದ. ಅದು ಅನೀಶನ ಕೋಣೆ. ಅನೀಶ ಅಲ್ಲೇ ನಿಂತಿದ್ದ.

ಹಪ್ಪಳ ಸುಟ್ಟು ಕೊಟ್ಟೆ. ಅನೀಶ ತಿನ್ನಲಿಲ್ಲ.

೨೫ ಅಕ್ಟೋಬರ್, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಶಟರ್ ಅರ್ಧ ಇಳಿಸಿ ಅಣ್ಣ ಎಲ್ಲರನ್ನೂ ಕೂರಿಸಿದ. ಶರ್ಮಿಳಾ, ಅನೀಶ, ನಾನು. ಹಿರಿಯರೊಬ್ಬರು ಇರಲಿ ಎಂದು ಚಾಮಯ್ಯ ಮೇಷ್ಟ್ರನ್ನು ಅವನೇ ಕರೆಸಿದ್ದ. ಮೇಜಿನ ಮೇಲೆ ಲೈಸೆನ್ಸಿನ ಕಾಗದ. ಸತ್ತವನ ಕಡೆಯವರು ಯಾರ ಹೆಸರಿಗೆ ಒಪ್ಪುತ್ತಾರೆ ಎಂದು ಬರೆದು ಸಹಿ ಹಾಕಬೇಕು. ಅನೀಶ ಚಿಕ್ಕವನು, ಆಫೀಸಿನ ಲೆಕ್ಕದಲ್ಲಿ ಇಲ್ಲಿರುವ ವಯಸ್ಸಾದ ರಕ್ತ ಸಂಬಂಧಿ ನಾನೊಬ್ಬಳೇ. ಹಾಗಾಗಿ ಸಹಿ ನನ್ನದು.

ಅಣ್ಣ ಬಲ್ಲಾಳ್ತಿಯ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಸೀಮೆ ಉಳಿದದ್ದು ಯಾಕೆ? ಅಕ್ಕ ಮುದ್ರೆಯುಂಗುರವನ್ನು ಮನೆಯೊಳಗೇ ಇಟ್ಟುಕೊಂಡದ್ದಕ್ಕೆ, ತಮ್ಮನ ಹೆಂಡತಿಯನ್ನು ಪಲ್ಲಕ್ಕಿಯಲ್ಲಿ ಮರ್ಯಾದೆಯಿಂದ ಕಳಿಸಿದ್ದಕ್ಕೆ. ನಾವೂ ಹಾಗೇ ಮಾಡುವ, ಯಾರಿಗೂ ಬೇಸರ ಬೇಡ ಎಂದ.

"ಪಲ್ಲಕ್ಕಿ ತಂದಿದ್ದೀರಾ ಭಾವ?" ಎಂದಳು ಶರ್ಮಿಳಾ.

ಮೇಷ್ಟ್ರು ಕೆಮ್ಮಿದರು. ಅಣ್ಣನ ಮುಖ ಕೆಂಪಾಯಿತು. "ದೇವಕಿ, ನೀನು ಕಂಡದ್ದನ್ನ ಹೇಳ್ ಕಾಂಬ. ಗುರುವಾರ ಗುರುವಾರ ಇವಳು ಯಾರೊಟ್ಟಿಗೆ ಹೋತಿದ್ಳು?"

ಅನೀಶ ನನ್ನನ್ನೇ ನೋಡುತ್ತಿದ್ದ. ಶರ್ಮಿಳಾ ಮೇಜನ್ನು ನೋಡುತ್ತಿದ್ದಳು.

"ಕಥೆ ಅಲ್ಲಿಗೆ ಮುಗಿಯುವುದಿಲ್ಲ ಅಣ್ಣ" ಎಂದೆ.

"ಎಂತ ಕಥೆ?"

"ಬಲ್ಲಾಳ್ತಿಯದ್ದು. ಪಲ್ಲಕ್ಕಿ ಹೊಳೆಯ ತನಕ ಹೋಯಿತು. ದೋಣಿಗೆ ಹತ್ತುವ ಮೊದಲು ಬಲ್ಲಾಳ್ತಿ ಹಿಂದೆಯೇ ಬಂದಳು, ಬರಿಗಾಲಿನಲ್ಲಿ. ಪಲ್ಲಕ್ಕಿ ತಿರುಗಿಸಿ ಎಂದಳು."

ಅಲ್ಲಿ ತನಕ ಬಾಯಿಗೆ ಬಂದುಬಿಟ್ಟಿತ್ತು. ಹೊಳೆಯ ದಡಕ್ಕೆ ತಂದ ಮೇಲೆ ಹಾಗೇ ಬಿಡುವ ಹಾಗಿರಲಿಲ್ಲ.

"ಯಾಕೆ ತಿರುಗಿಸಿದಳು?" ಎಂದರು ಮೇಷ್ಟ್ರು. ಪೆನ್ನು ತೆಗೆದಿದ್ದರು.

"ಸೀಮೆಯ ಉಪ್ಪಿನ ಗದ್ದೆ ಎಲ್ಲ ನೋಡಿಕೊಳ್ಳುತ್ತಿದ್ದವಳು ತಮ್ಮನ ಹೆಂಡತಿ. ಯಾವಾಗ ನೀರು ಬಿಡಬೇಕು, ಯಾವಾಗ ಕಟ್ಟಬೇಕು, ಅವಳಿಗೆ ಮಾತ್ರ ಗೊತ್ತಿತ್ತು. ಬಲ್ಲಾಳ್ತಿಗೆ ಅನುಮಾನ ಪಡುವುದೊಂದು ಗೊತ್ತಿತ್ತು. ಅನುಮಾನದಿಂದ ಉಪ್ಪು ಆಗುವುದಿಲ್ಲ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಮನೆಯಲ್ಲಿದ್ದು ಆಳಿದರು. ಮಕ್ಕಳಿಬ್ಬರೂ ಒಟ್ಟಿಗೇ ಬೆಳೆದರು."

"ಅಜ್ಜಿ ನಂಗೆ ಹಾಂಗ್ ಹೇಳ್ಲಿಲ್ಲ" ಎಂದ ಅಣ್ಣ.

"ನೀನು ಶಾಲೆಗೆ ಹೋಗಿದ್ದೆ. ಅಜ್ಜಿ ಹಾಸಿಗೆ ಹಿಡಿದಾಗ ನನ್ನನ್ನು ಶಾಲೆ ಬಿಡಿಸಿ ಅವಳ ಹತ್ತಿರ ಕೂರಿಸಿದ್ರಲ್ಲ. ಎರಡು ವರ್ಷ. ಪೂರ್ತಿ ಕಥೆ ಕೇಳಿದವಳು ನಾನೊಬ್ಬಳು."

ಹುಡುಗ ಓದಲಿ, ಹುಡುಗಿ ನೋಡಿಕೊಳ್ಳಲಿ ಎಂದು ಆವತ್ತು ಮಾಡಿದ ಏರ್ಪಾಡು. ಆ ಕೋಣೆಯೊಳಗೆ ಅಜ್ಜಿ ಏನು ಹೇಳಿದಳು, ಏನು ಹೇಳಲಿಲ್ಲ ಎನ್ನುವುದಕ್ಕೆ ಅಣ್ಣನ ಹತ್ತಿರ ಸಾಕ್ಷಿ ಇಲ್ಲ. ಕೊನೆಗೆ ಕೇಳಿದ, "ಹಾಂಗಾರೆ ಆ ಹೆಂಡ್ತಿ ಹೆಸ್ರೆಂತ?"

"ಹೊನ್ನಕ್ಕ" ಎಂದೆ. ಎಲ್ಲಿಂದ ಬಂತೋ ಆ ಹೆಸರು.

ಮೇಷ್ಟ್ರು ಹೊನ್ನಕ್ಕ ಎಂದು ಬರೆದುಕೊಂಡರು.

ಅಣ್ಣ ಮತ್ತೊಮ್ಮೆ ಗುರುವಾರದ ಮಾತು ಎತ್ತಿದ. ಅವಳು ಶಾಲೆಗೆ ಹೋಗುತ್ತಿದ್ದಳು, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಆಮೇಲೆ ಕಾಗದ ಎಳೆದುಕೊಂಡು ಮೇಷ್ಟ್ರ ಕೈಯಲ್ಲಿ ಶರ್ಮಿಳಾಳ ಹೆಸರು ಬರೆಸಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ. ದೇವಕಿ ಎನ್ನುವ ಮೂರು ಅಕ್ಷರಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿರಲಿಲ್ಲ. ಅಣ್ಣ ಎದ್ದು ಹೊರಗೆ ಹೋದ. ಊಟಕ್ಕೆ ಬಂದ, ನನಗೆ ಬೆನ್ನು ಹಾಕಿ ಕೂತ. ಮೀನು ಎರಡು ಸಲ ಹಾಕಿಸಿಕೊಂಡ.

ಅಜ್ಜಿ ಹಾಗೆ ಹೇಳಿರಲಿಲ್ಲ. ಪಲ್ಲಕ್ಕಿ ಹೋಯಿತು ಎಂದಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದಳು. ಸತ್ತವಳ ಬಾಯಲ್ಲಿ ಸುಳ್ಳು ಇಟ್ಟದ್ದಕ್ಕೆ ಏನು ಪಾಪ ಬರುತ್ತದೋ.

೨೭ ಅಕ್ಟೋಬರ್, ಮಂಗಳವಾರ

ಅಣ್ಣ ಬೆಳಗಿನ ವಿಮಾನಕ್ಕೆ ಹೋದ. ರತ್ನಾಕರ ಬಿಟ್ಟು ಬಂದ. ದಾರಿಯಲ್ಲಿ ಏನಾದರೂ ಹೇಳಿದನಾ ಎಂದು ಕೇಳಿದರೆ, "ನಾನು ಮುಂದೆ ನೋಡ್ತಿದ್ದೆ ಅಕ್ಕ" ಎನ್ನುತ್ತಾನೆ.

ಶರ್ಮಿಳಾ ಎರಡು ದಿನದಿಂದ ನನ್ನ ಹತ್ತಿರ ಜಾಸ್ತಿ ಮಾತಾಡಿಲ್ಲ. ಸುಮ್ಮನೆ ನೋಡುತ್ತಾಳೆ. ಉಪಕಾರ ಹೊರಲು ಇಷ್ಟವಿಲ್ಲವೋ, ಇಲ್ಲ ಬೇರೇನಾದರೂ ಲೆಕ್ಕಾಚಾರವೋ. ಕೆಲಸ ಆದ ಮೇಲೆ ಮನುಷ್ಯರು ಬದಲಾಗುತ್ತಾರೆ. ಹೆಸರು ಅವಳದಾದ ಮೇಲೆ ನನ್ನನ್ನೇ ಪಲ್ಲಕ್ಕಿಗೆ ಹತ್ತಿಸಿದರೆ ತಿರುಗಿಸಲು ಯಾರಿದ್ದಾರೆ?

ನಾಳೆ ಒಂಬತ್ತಕ್ಕೆ ಅವಳನ್ನು ಆಫೀಸಿಗೆ ಕರೆದಿದ್ದಾರೆ. ಈಗ ಸಂಜೆ ಬಂದು, "ನೀವೂ ಬನ್ನಿ ಅಕ್ಕ" ಎಂದಳು. ಯಾಕೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸೂಜಿಯ ಮಾತು ಬಂದಾಗ ಮತ್ತೆ ತಡವರಿಸುತ್ತಾಳೋ ಏನೋ.

ನನ್ನ ಸೀರೆಯನ್ನೂ ಇಸ್ತ್ರಿ ಮಾಡಿಟ್ಟಿದ್ದೇನೆ.